ದೋಣಿ ಬಾರದ ಆಟ

ಪರೀಕ್ಷಾ ಮಂಡಳಿಯ ಕಚೇರಿಯಲ್ಲಿ ಅವನ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಕನ್ನಡಿ. ಇದು ಅವನಿಗೂ ಗೊತ್ತಿತ್ತು. ಹಾಗೆ ಮೊದಲು ಕರೆದವರು ಯಾರು, ಆಮೇಲೆ ಯಾರು ಯಾರು ಸೇರಿಕೊಂಡರು ಎಂಬ ಪಟ್ಟಿ ಅವನ ತಲೆಯಲ್ಲಿ ಭದ್ರವಾಗಿತ್ತು.

ಕೆಲಸವೇ ಅಂಥದ್ದು. ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ಎರಡು ಉತ್ತರಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಸಾಲಿನಿಂದ ಸಾಲಿಗೆ ಸ್ಕೇಲು ಸರಿಸುತ್ತಾ, ಯಾರು ಯಾರನ್ನು ನೋಡಿ ಬರೆದರು ಎಂದು ಕಂಡುಹಿಡಿಯಬೇಕು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಸರಿ ಉತ್ತರಗಳನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ಓದಿದವರೆಲ್ಲ ಸರಿಯನ್ನು ಒಂದೇ ಥರ ಬರೆಯುತ್ತಾರೆ, ಅದರಲ್ಲೇನಿದೆ? ತಪ್ಪು ಮಾತ್ರ ಒಬ್ಬೊಬ್ಬರದು ಒಂದೊಂದು. ಇಬ್ಬರ ಹಾಳೆಯಲ್ಲಿ ಒಂದೇ ತಪ್ಪು ಕಂಡಿತೋ, ಸಿಕ್ಕಿಬಿದ್ದರು ಎಂದೇ ಲೆಕ್ಕ. ಆಮೇಲೆ ಆ ಇಬ್ಬರನ್ನೂ ಕರೆಸಿ ಎದುರಿಗೆ ಕೂರಿಸಿಕೊಂಡು ಏನೂ ಮಾತಾಡದೆ ಸುಮ್ಮನೆ ನೋಡುತ್ತಾ ಇರುತ್ತಿದ್ದ. ಅರ್ಧ ಗಂಟೆಯೊಳಗೆ ಯಾರಾದರೊಬ್ಬರು ಅಳುತ್ತಾ ತಪ್ಪೊಪ್ಪಿಗೆ ಬರೆದುಕೊಡುತ್ತಿದ್ದರು. ಒಪ್ಪಿಗೆ ಬಂದ ಮೇಲೆ ಫೈಲು ಮುಚ್ಚುವುದು. ಮುಚ್ಚಿದ ಫೈಲನ್ನು ಅವನು ಒಂದು ಸಲವೂ ತೆರೆದವನಲ್ಲ.

ಮನೆಯಲ್ಲೂ ಅದೇ ಬುದ್ಧಿ. ಅನುಮಾನಂ ಪೆದ್ದ ರೋಗಂ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ, ಇವನಂಥವನನ್ನು ನೋಡಿಯೇ ಹೇಳಿರಬೇಕು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದ. ಹೆಂಡತಿ ಫೋನಿನಲ್ಲಿ ನಕ್ಕರೆ ಯಾಕೆ ನಕ್ಕದ್ದು ಎಂದು ಕೇಳುತ್ತಿದ್ದ, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಯೋಚಿಸುತ್ತಿದ್ದ. ಇಡೀ ಜಗತ್ತಿನಲ್ಲಿ ಅವನು ಅನುಮಾನಿಸದೆ ಬಿಟ್ಟ ಮನುಷ್ಯ ಒಬ್ಬನೇ, ಅದು ಅವನೇ.

ಇಂಥವನ ಮನೆಯಲ್ಲಿ ಆ ತಿಂಗಳು ಒಂದು ಸಂಗತಿ ನಡೆಯಿತು. ಅವನ ಒಬ್ಬಳೇ ಮಗಳು ಓದು ಮುಗಿಸಿ ಸೋದರತ್ತೆಯ ಕನ್ನಡಕದ ಅಂಗಡಿಗೆ ಕೆಲಸ ಕಲಿಯಲು ಹೋಗುತ್ತೇನೆ ಎಂದಳು. ಸೋದರತ್ತೆ ಎಂದರೆ ಅವನ ತಂಗಿ, ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಾಲ್ಕು ಬೀದಿ ಆಚೆ, ಔಷಧಿ ಅಂಗಡಿಯ ಪಕ್ಕದಲ್ಲಿ, ಲೆನ್ಸ್ ಅರೆಯುವ ಯಂತ್ರ ಇಟ್ಟುಕೊಂಡು ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ. ಹುಡುಗಿಯ ಕೈ ಸೂಕ್ಷ್ಮವಾಗಿದೆ, ಐದು ವರ್ಷ ಕಲಿತರೆ ಅಂಗಡಿಯನ್ನೇ ಅವಳ ಕೈಗೆ ಕೊಡುತ್ತೇನೆ ಎಂದು ಹೇಳಿ ಕಳುಹಿಸಿದ್ದಳು. ಮಗಳು ಕುಣಿದಾಡಿದಳು, ಹೆಂಡತಿಗೂ ಹಾಲು ಕುಡಿದಷ್ಟು ಸಂತೋಷವಾಯಿತು. ಅವನು ಮಾತ್ರ ಬೇಡ ಎಂದ.

ಯಾಕೆ ಎಂದು ಕೇಳಿದರೆ, ಬೇಡ ಅಂದರೆ ಬೇಡ. ಮಗಳು ಎರಡು ದಿನ ಊಟದ ಮೇಜಿಗೆ ಬರಲಿಲ್ಲ. ಮೂರನೆಯ ದಿನ ತಂಗಿಯೇ ಹೆಂಡತಿಗೆ ಫೋನು ಮಾಡಿದಳು. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮನೆಗೆ ಬರುತ್ತೇನೆ, ಅಣ್ಣ ನನ್ನ ಮುಖ ನೋಡಿ ಕಾರಣ ಹೇಳಲಿ, ಹೇಳಲಾಗದಿದ್ದರೆ ಬೇರೆ ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ, ಆಮೇಲೆ ನಿಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಳಂತೆ. ಕೋಪದಲ್ಲಿ ಹೇಳಿದಳಾ ಎಂದು ಅವನು ಕೇಳಿದ. ಇಲ್ಲ, ತುಂಬ ಸಮಾಧಾನವಾಗಿ ಹೇಳಿದಳು, ಅದಕ್ಕೇ ನನಗೆ ಭಯ ಎಂದಳು ಹೆಂಡತಿ.

"ರೀ, ಒಂದು ಕಾರಣ ಹೇಳಿ ಸಾಕು" ಎಂದಳು. "ನನಗಾದ್ರೂ ಹೇಳಿ."

ಕಾರಣ ಇತ್ತು. ಆದರೆ ನಲವತ್ತೆಂಟು ವರ್ಷದ ಗಂಡಸು ಬಾಯಿ ಬಿಟ್ಟು ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಅವನಿಗೆ ಹದಿನಾಲ್ಕು, ತಂಗಿಗೆ ಹನ್ನೆರಡು ಇದ್ದಾಗಿನ ಮಾತು. ಚಿಕ್ಕಪ್ಪ ಒಂದು ಟೈಪಿಂಗ್ ಶಾಲೆ ಇಟ್ಟಿದ್ದ. ಅಲ್ಲಿ ಟೈಪ್‌ರೈಟರುಗಳ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ಒಂದು ಕಂಪ್ಯೂಟರು ಕುಳಿತಿತ್ತು. ಅದರಲ್ಲೊಂದು ಆಟ, ಅದರ ಹೆಸರು ಉಪ್ಪಿನ ಕೋಟೆ. ಗುಂಡು ಹೊಡೆಯುವ ಆಟವಲ್ಲ, ನಡೆದಾಡುವ ಆಟ. ಒಬ್ಬ ಪ್ರಯಾಣಿಕ ಕೋಟೆಯೊಳಗೆ ಹೋಗಿ, ಸಿಕ್ಕ ಸಿಕ್ಕ ವಸ್ತುಗಳನ್ನು ಚೀಲಕ್ಕೆ ಹಾಕಿಕೊಂಡು, ಎದುರಾದವರ ಜೊತೆ ಮಾತಾಡಿ, ಯಾವ ವಸ್ತು ಎಲ್ಲಿಗೆ ಎಂದು ಬುದ್ಧಿ ಓಡಿಸಿ ಒಗಟು ಬಿಡಿಸುತ್ತಾ ಕೊನೆಗೆ ಸಮುದ್ರದ ದಂಡೆಗೆ ಬರಬೇಕು. ಅಲ್ಲಿ ಕಂದೀಲು ಹಚ್ಚಿ ಕೈಗಂಟೆ ಬಾರಿಸಿದರೆ ಅಂಬಿಗ ದೋಣಿ ತರುತ್ತಾನೆ. ದೋಣಿ ಹತ್ತಿದರೆ ಗೆದ್ದ ಹಾಗೆ. ಅಣ್ಣ ತಂಗಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕುಳಿತು ಒಂದು ಬೇಸಿಗೆ ರಜೆಯೆಲ್ಲ ಆಡಿದ್ದರು. ಮೌಸು ಅವನ ಕೈಯಲ್ಲಿ, ಬುದ್ಧಿ ಹೆಚ್ಚಾಗಿ ಅವಳದು. ಒಣಗಿದ ಬಾವಿಯೊಳಗಿನ ಗಂಟೆಯನ್ನು ಕೊಡೆಯ ಹಿಡಿಕೆಯಿಂದ ಎತ್ತಬೇಕೆಂದು ಹೊಳೆದದ್ದೂ ಅವಳಿಗೇ.

ದಂಡೆಗೆ ಬಂದರು. ಕಂದೀಲು ಹಚ್ಚಿದರು, ಗಂಟೆ ಬಾರಿಸಿದರು. ದೋಣಿ ಬರಲಿಲ್ಲ. ಮರುದಿನವೂ ಇಲ್ಲ. ಮೂರು ವಾರ ಸಾವಿರ ಸಲ ಬಾರಿಸಿದರೂ ಅಂಬಿಗ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಶಾಲೆ ಮುಚ್ಚಿದ, ಕಂಪ್ಯೂಟರನ್ನು ಯಾರೋ ಬಂದು ಎತ್ತಿಕೊಂಡು ಹೋದರು. ಆಟ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಸೇವ್ ಮಾಡಿದ ಒಂದು ಫ್ಲಾಪಿ ಮಾತ್ರ ಅವನ ಹತ್ತಿರ ಉಳಿಯಿತು.

ಆಗ ಅವನಿಗೆ ಹೊಳೆಯಿತು. ನಡುವೆ ಜ್ವರ ಬಂದು ಅವನು ನಾಲ್ಕು ದಿನ ಮಲಗಿದ್ದಾಗ ತಂಗಿ ಒಬ್ಬಳೇ ಹೋಗಿ ಆಡಿದ್ದಳಲ್ಲ, ಆಗಲೇ ಏನೋ ಕೆಡಿಸಿದ್ದಾಳೆ. ಕೇಳಿದ. ಇಲ್ಲ ಎಂದಳು. ಅವನು ನಂಬಲಿಲ್ಲ. ಅವಳ ಜೊತೆ ಮಾತು ಬಿಟ್ಟ. ಹನ್ನೊಂದನೆಯ ದಿನ ಅವಳೇ ಬಂದು, ಹೌದು, ಗಂಟೆಯ ನಾಲಗೆ ಕಿತ್ತು ಬಾವಿಗೆ ಎಸೆದದ್ದು ನಾನೇ ಎಂದು ಒಪ್ಪಿಕೊಂಡಳು. ಆ ಕಂಪ್ಯೂಟರಿಗೆ ದನಿ ಇರಲಿಲ್ಲ, ಗಂಟೆ ಬಾರಿಸಿದರೆ ಚಿತ್ರ ಅಲ್ಲಾಡುತ್ತಿತ್ತೇ ಹೊರತು ಸದ್ದು ಬರುತ್ತಿರಲಿಲ್ಲ. ಹಾಗಾಗಿ ಅವಳ ಮಾತು ತಾಳೆಯಾಯಿತು. ಅದು ಅವನ ಜೀವನದ ಮೊದಲ ತಪ್ಪೊಪ್ಪಿಗೆ. ಫೈಲು ಮುಚ್ಚಿದ.

ಅಂದಿನಿಂದ ಅವಳ ಜೊತೆ ಮಾತಾಡಿದ, ನಕ್ಕ, ಮನೆಗೆ ಬಂದರೆ ಕಾಫಿ ಕೊಟ್ಟ. ಆದರೆ ನಂಬಲಿಲ್ಲ. ಅಪ್ಪ ತೀರಿಕೊಂಡಾಗ ಮನೆಯ ಬೀಗದ ಕೈಯನ್ನು ತಂಗಿಗೆ ಕೊಡದೆ ಪಕ್ಕದ ಮನೆಯವರಿಗೆ ಕೊಟ್ಟ. ಮಗಳು ಚಿಕ್ಕವಳಿದ್ದಾಗ ಒಂದು ದಿನವೂ ಅವಳ ಹತ್ತಿರ ಬಿಡಲಿಲ್ಲ. ಅವಳು ಬಂದು ಹೋದ ಮೇಲೆ ಮೇಜಿನ ಖಾನೆಗಳನ್ನು ಎಳೆದೆಳೆದು ನೋಡುತ್ತಿದ್ದ. ಒಂದು ಸಲ ಕೆಡಿಸಿ ಮುಚ್ಚಿಟ್ಟವಳು ಇನ್ನೊಂದು ಸಲ ಕೆಡಿಸುವುದಿಲ್ಲವೇ ಎನ್ನುವುದು ಅವನ ನ್ಯಾಯ.

ಈಗ ಕಾರಣ ಬೇಕಾಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಬರೀ ಬಾಯಿಮಾತಿನ ಒಪ್ಪಿಗೆ ಸಾಲದು, ನಾಲಗೆ ಇಲ್ಲದ ಆ ಗಂಟೆಯನ್ನೇ ಹೆಂಡತಿಗೂ ತಂಗಿಗೂ ತೋರಿಸಿಬಿಡೋಣ ಎಂದು ಅವನು ತೀರ್ಮಾನಿಸಿದ. ಹಳೆಯ ಆಟಗಳನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿ ಮಾರುವ ಅಂಗಡಿಯೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಉಪ್ಪಿನ ಕೋಟೆಯೂ ಅಲ್ಲಿತ್ತು. ಅಲ್ಲಿನ ಚಿತ್ರದಲ್ಲಿ ಅದೇ ಬೂದು ಗೋಡೆ, ಅದೇ ಕೆಂಪು ಆಕಾಶ ನೋಡಿದ ತಕ್ಷಣ ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಮರುಕ್ಷಣವೇ ಅನುಮಾನ ಹುಟ್ಟಿತು. ಮೂವತ್ತನಾಲ್ಕು ವರ್ಷ ಹಳೆಯ ಆಟವನ್ನು ಇವರು ಯಾಕೆ ಮಾರುತ್ತಿದ್ದಾರೆ? ಕೆಳಗೆ ಹೊಗಳಿ ಬರೆದವರು ನಿಜವಾಗಿ ಆಡಿದವರೇ? ಹೊಗಳಿಕೆಗಳನ್ನೆಲ್ಲ ಕಚೇರಿಯ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ ಸ್ಕೇಲು ಇಟ್ಟು ನೋಡಿದ. ಇಬ್ಬರು ಒಂದೇ ಕಡೆ ಒಂದೇ ತಪ್ಪು ಮಾಡಿದ್ದರು. ಮೂರು ದಿನ ತಡೆದ. ಷರತ್ತುಗಳ ನಲವತ್ತು ಪುಟವನ್ನು ಈ ಭೂಮಿಯ ಮೇಲೆ ಪೂರ್ತಿ ಓದಿ ಒಪ್ಪಿಗೆ ಒತ್ತಿದವನು ಬಹುಶಃ ಅವನೊಬ್ಬನೇ.

ಕೊಂಡದ್ದಾಯಿತು, ಆಟ ತೆರೆಯಲಿಲ್ಲ. ಕಪ್ಪು ಪರದೆ ಬಂದು ಮಾಯವಾಗುತ್ತಿತ್ತು. ಮೋಸ ಹೋದೆನೆಂದು ನಿಶ್ಚಯಿಸಿಕೊಂಡೇ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ರಿಪೇರಿಯವನು ಸ್ಕ್ರೂ ಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡ ಆರಾಮ ಮನುಷ್ಯ. ಮೋಸ ಏನೂ ಇಲ್ಲ, ಹಳೇ ಆಟಕ್ಕೆ ಈಗಿನ ಕಂಪ್ಯೂಟರ್ ವೇಗ ತಡೆಯೋಕಾಗಲ್ಲ ಎಂದ. ಈ ಕಂಪ್ಯೂಟರಿನೊಳಗೆ ಇನ್ನೊಂದು ಮುದಿ ಕಂಪ್ಯೂಟರಿದೆ ಎಂದು ನಟಿಸುವ ಒಂದು ಪ್ರೋಗ್ರಾಂ ಆಟದ ಜೊತೆಗೇ ಬಂದಿದೆ, ಅದರ ಓಟವನ್ನು ತಗ್ಗಿಸಿದರೆ ಸಾಕು ಎಂದು ವಿವರಿಸಿದ.

"ಅಂದ್ರೆ ಆಟಕ್ಕೆ ಸುಳ್ಳು ಹೇಳೋದು" ಎಂದ ಇವನು.

"ಹೂಂ ಸಾರ್. ಪಾಪ, ಅದು ನಂಬುತ್ತೆ."

ಇವನಿಗೆ ಆ ಮಾತು ಹಿಡಿಸಲಿಲ್ಲ. ಫ್ಲಾಪಿಯನ್ನು ಹೊರಗೆ ತೆಗೆದ. ಅಷ್ಟು ವರ್ಷವೂ ಅದನ್ನು ಕಾಗದದ ಲಕೋಟೆಯಲ್ಲಿ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲದಲ್ಲಿ, ಅದರ ಮೇಲೊಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಕೊಡುವ ಮೊದಲು ಅದರ ಬೆನ್ನ ಮೇಲೆ ತನ್ನ ಸಹಿ ಹಾಕಿದ, ಬದಲಾಯಿಸಿಬಿಟ್ಟರೆ ಎಂದು. ಇದನ್ನ ಕದ್ದು ನಾನೇನ್ ಮಾಡ್ಲಿ ಸಾರ್ ಎಂದು ರಿಪೇರಿಯವನು ನಕ್ಕ. ಎರಡು ದಿನ ಬಿಟ್ಟು ಹೋದಾಗ ಫ್ಲಾಪಿಯಲ್ಲಿದ್ದದ್ದೆಲ್ಲ ಲ್ಯಾಪ್‌ಟಾಪಿಗೆ ಬಂದಿತ್ತು. ಸಹಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನದೇ.

ಮೊದಲ ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆಯೆಲ್ಲ ಹೇಳಿದ. ಅವಳು ಮೊದಲು ನಕ್ಕಳು. ಅವನು ನಗುತ್ತಿಲ್ಲ ಎಂದು ಕಂಡ ಮೇಲೆ ಅವಳ ನಗು ನಿಂತಿತು. ಇದಕ್ಕಾ, ಇಷ್ಟು ವರ್ಷ ಆ ಹೆಣ್ಣುಮಗಳನ್ನ ಹಾಗೆ ನಡೆಸಿಕೊಂಡದ್ದು ಇದಕ್ಕಾ ಎಂದು ಕೇಳಿದಳು. ಇರು, ಸಾಕ್ಷಿ ನೋಡು ಎಂದು ಅವನು ಹಳೆಯ ಆಟವನ್ನು ತೆರೆದ. ಪರದೆಯ ಮೇಲೆ ಅದೇ ದಂಡೆ, ಅದೇ ಪ್ರಯಾಣಿಕ, ಅಂದು ಎಲ್ಲಿ ನಿಂತಿದ್ದನೋ ಅಲ್ಲೇ. ಕಂದೀಲು ಹಚ್ಚಿದ. ಚೀಲದಿಂದ ಗಂಟೆ ತೆಗೆದು ಬಾರಿಸಿದ.

ಗಂಟೆ ಢಣ್ ಎಂದಿತು.

ಈ ಲ್ಯಾಪ್‌ಟಾಪಿಗೆ ಸ್ಪೀಕರಿದೆ ಎನ್ನುವುದನ್ನೇ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನೊಮ್ಮೆ ಬಾರಿಸಿದ. ಮತ್ತೆ ಢಣ್ ಎಂದು ತುಂಬು ದನಿ, ಒಳಕೋಣೆಯವರೆಗೂ ಕೇಳಿಸಿತು. ಅದಕ್ಕೆ ನಾಲಗೆ ಇತ್ತು. ಯಾರೂ ಅದನ್ನು ಕಿತ್ತಿರಲಿಲ್ಲ.

ದೋಣಿ ಮಾತ್ರ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಎದ್ದು ತಂಗಿಯ ಮನೆಗೆ ಹೋಗುತ್ತಿದ್ದರು. ಇವನ ಬುದ್ಧಿ ಓಡಿದ್ದೇ ಬೇರೆ ಕಡೆಗೆ. ಗಂಟೆ ಸರಿಯಿದೆ ಎಂದರೆ ಅವಳು ಸುಳ್ಳು ಹೇಳಿದ್ದಾಳೆ. ಸುಳ್ಳು ಯಾಕೆ ಹೇಳಬೇಕು? ಇದಕ್ಕಿಂತ ದೊಡ್ಡದೇನನ್ನೋ ಕೆಡಿಸಿ, ಅದು ಗೊತ್ತಾಗದಿರಲಿ ಎಂದು ಗಂಟೆಯ ಮೇಲೆ ಹಾಕಿದ್ದಾಳೆ! ಹೆಂಡತಿ ಹಣೆ ಚಚ್ಚಿಕೊಂಡು ಎದ್ದು ಹೋದಳು. ಅವನು ಬಾಗಿಲು ಹಾಕಿಕೊಂಡು, ಕೊಂಡು ತಂದ ಆಟವನ್ನು ಮೊದಲಿನಿಂದ ಆಡಲು ಕುಳಿತ. ಒಂದು ಕಡೆ ಕೆಟ್ಟ ಪತ್ರಿಕೆ, ಇನ್ನೊಂದು ಕಡೆ ಒಳ್ಳೆಯ ಪತ್ರಿಕೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ತಪ್ಪಿದೆ ಎಂದು ತಾನೇ ಹೇಳುತ್ತದೆ. ಈ ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಆಟದ ಮೊದಲ ದೃಶ್ಯ ಕೋಟೆಯ ಬಾಗಿಲು. ಅಲ್ಲೊಬ್ಬ ದಪ್ಪ ಮೀಸೆಯ ದ್ವಾರಪಾಲಕ. ಒಂದು ಬೀಗದ ಕೈಯ ಚಿತ್ರ ತೋರಿಸಿ, ಇದು ಆರು ಮನೆಗಳಲ್ಲಿ ಯಾವ ಮನೆಯದು ಎಂದು ಕೇಳುತ್ತಾನೆ. ಉತ್ತರ ಆಟದಲ್ಲಿಲ್ಲ, ಆಟದ ಜೊತೆ ಬರುವ ಕೈಪಿಡಿಯಲ್ಲಿದೆ. ಆಗಿನ ಕಾಲದಲ್ಲಿ ಕಳ್ಳ ಪ್ರತಿ ಮಾಡಿಕೊಂಡವರನ್ನು ಹಿಡಿಯಲು ಆಟ ಮಾಡಿದವರು ಹೂಡುತ್ತಿದ್ದ ಉಪಾಯ ಅದು. ಕೊಂಡವರ ಹತ್ತಿರ ಕೈಪಿಡಿ ಇರುತ್ತದೆ, ಕದ್ದವರ ಹತ್ತಿರ ಇರುವುದಿಲ್ಲ. ಈಗ ಕೈಪಿಡಿಯೂ ಡೌನ್‌ಲೋಡಿನ ಜೊತೆ ಬಂದಿತ್ತು. ನೋಡಿ ಸರಿ ಉತ್ತರ ಒತ್ತಿದ. ದ್ವಾರಪಾಲಕ ನಕ್ಕು, ಸ್ವಾಗತ ಎಂದು ಬಾಗಿಲು ತೆರೆದ.

ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಕಚೇರಿಯಿಂದ ಬಂದು ಷೂ ಬಿಚ್ಚುವ ಮೊದಲೇ ಕೂರುತ್ತಿದ್ದ. ಒಗಟುಗಳೆಲ್ಲ ಅವನಿಗೆ ನೆನಪಿದ್ದವು. ಒಂದೊಂದು ಒಗಟಿನ ಜೊತೆಗೂ ತಂಗಿಯ ದನಿ ನೆನಪಿಗೆ ಬರುತ್ತಿತ್ತು, ಅಣ್ಣಾ ಕೊಡೆ, ಅಣ್ಣಾ ಕೊಡೆ ಹಾಕಿ ನೋಡು ಎಂದು. ಅದು ಅವನಿಗೆ ಬೇಕಿರಲಿಲ್ಲ. ಬೇಡವೆಂದರೂ ಬರುತ್ತಿತ್ತು. ಶುಕ್ರವಾರ ಸಂಜೆ ದಂಡೆ ಮುಟ್ಟಿದ. ಕಂದೀಲು ಹಚ್ಚಿ ಗಂಟೆ ಬಾರಿಸಿದ. ಒಂದೇ ಸಲಕ್ಕೆ, ಪರದೆಯ ಎಡ ಅಂಚಿನಿಂದ ದೋಣಿ ಬಂತು.

ಅವನು ಕುರ್ಚಿಯಿಂದ ಅರ್ಧ ಎದ್ದು ನಿಂತುಬಿಟ್ಟ. ಅಂಬಿಗ ಹುಟ್ಟು ಹಾಕುತ್ತಾ ಹತ್ತಿರ ಬಂದು ಕೈ ಚಾಚಿದ. ಅವನಿಗೆ ಹತ್ತಲು ಮನಸ್ಸಾಗಲಿಲ್ಲ. ಆಟ ನಿಲ್ಲಿಸಿ ಕಾಗದ ತೆಗೆದುಕೊಂಡ. ಹಳೆಯ ಆಟದ ಚೀಲದಲ್ಲಿ ಹದಿನಾಲ್ಕು ವಸ್ತು, ಹೊಸದರಲ್ಲೂ ಹದಿನಾಲ್ಕು, ಒಂದೊಂದೂ ಅದೇ. ಅಂಕಗಳೂ ಅಷ್ಟೇ. ತಂಗಿ ಏನನ್ನೂ ಕಳೆದಿರಲಿಲ್ಲ, ಏನನ್ನೂ ಮುರಿದಿರಲಿಲ್ಲ. ಇನ್ನು ಉಳಿದದ್ದು ದಾರಿ. ಎರಡೂ ಆಟಗಳಲ್ಲಿ ಪ್ರಯಾಣಿಕನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದ. ಉಪ್ಪಿನ ಗೋದಾಮು, ಬಾವಿ, ಆರು ಮನೆಗಳ ಬೀದಿ, ಎಲ್ಲೂ ಕೂದಲೆಳೆಯಷ್ಟು ಫರಕಿಲ್ಲ. ಕೊನೆಗೆ ಕೋಟೆಯ ಬಾಗಿಲಿಗೆ ಬಂದ. ಅಲ್ಲಿ ಕಂಡಿತು. ಹೊಸ ಆಟದಲ್ಲಿ ಬಾಗಿಲ ಮೇಲಿನ ಬುರುಜಿನಲ್ಲಿ ಒಂದು ಬಿಳಿ ಬಾವುಟ ಹಾರುತ್ತಿತ್ತು. ಹಳೆಯದರಲ್ಲಿ ಬರೀ ಕಂಬ.

ಬಾವುಟ ಏರಿಸುವವನು ಯಾರು? ದ್ವಾರಪಾಲಕ. ಅವನನ್ನು ಆಟದಲ್ಲಿ ಭೇಟಿಯಾಗುವುದು ಒಂದೇ ಸಲ, ಮೊಟ್ಟಮೊದಲಿಗೆ. ಭೂತಕನ್ನಡಿ ಆ ಬರೀ ಕಂಬವನ್ನು ಕಣ್ಣಿಟ್ಟು ನೋಡಿದ. ಮೂರನೆಯ ಆಟವೊಂದನ್ನು ಹೊಸದಾಗಿ ಶುರು ಮಾಡಿ, ದ್ವಾರಪಾಲಕನ ಪ್ರಶ್ನೆಗೆ ಬೇಕೆಂದೇ ತಪ್ಪು ಮನೆ ಒತ್ತಿದ. ದ್ವಾರಪಾಲಕ ಬೈಯಲಿಲ್ಲ, ತಡೆಯಲಿಲ್ಲ. ಅದೇ ನಗು ನಕ್ಕು, ಸ್ವಾಗತ ಎಂದು ಬಾಗಿಲು ತೆರೆದ. ಬಾವುಟ ಮಾತ್ರ ಏರಿಸಲಿಲ್ಲ. ಕಳ್ಳನೆಂದು ಗೊತ್ತಾಗಿದೆ, ಹೇಳುವುದಿಲ್ಲ. ಒಳಗೆ ಬಿಟ್ಟುಕೊಂಡು ಕೋಟೆಯೆಲ್ಲ ಸುತ್ತಾಡಿಸಿ, ಕೊನೆಗೆ ದಂಡೆಯಲ್ಲಿ ನಿಲ್ಲಿಸಿ ಕೈಬಿಡುತ್ತಾನೆ. ಅಂಬಿಗ ಬಾವುಟ ಕಂಡರಷ್ಟೇ ದೋಣಿ ಬಿಡುವವನು.

ಆಗ ಹಳೆಯದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಚಿಕ್ಕಪ್ಪನ ಶಾಲೆಯಲ್ಲಿದ್ದದ್ದು ಕೊಂಡ ಆಟವಾಗಿರಲಿಲ್ಲ, ಯಾರದ್ದೋ ಪ್ರತಿಯ ಪ್ರತಿ. ಕೈಪಿಡಿಯೂ ಫೋಟೋಕಾಪಿ. ಕೀಗಳ ಚಿತ್ರವಿದ್ದ ಪುಟ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಮೊದಲ ದಿನ ಅವನು ಒಬ್ಬನೇ ಇದ್ದ, ತಂಗಿ ಇನ್ನೂ ಬಂದಿರಲೇ ಇಲ್ಲ. ಆ ಕಪ್ಪು ಪುಟವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಕಣ್ಣು ಮುಚ್ಚಿ ಮೂರನೆಯ ಮನೆ ಒತ್ತಿದ್ದ. ಬಾಗಿಲು ತೆರೆದುಕೊಂಡಿತ್ತು. ಮರುದಿನ ತಂಗಿಗೆ, ನಾನೇ ಕಂಡುಹಿಡಿದೆ ಎಂದು ಕೊಚ್ಚಿಕೊಂಡಿದ್ದ. ಕಾಪಿ ಹೊಡೆದವರನ್ನು ಹಿಡಿದು ಹಿಡಿದು ಕೂದಲು ಬೆಳ್ಳಗಾದವನು ತಾನೇ ಕಾಪಿಯ ಆಟ ಆಡುವಾಗ ಸಿಕ್ಕಿಬಿದ್ದಿದ್ದ, ಅದು ಗೊತ್ತಾಗಲು ಮೂವತ್ತನಾಲ್ಕು ವರ್ಷ ಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದ. ಅವನಿಗೆ ಅಳು ಬಂತು, ಆದರೆ ಅಳುವ ಅಭ್ಯಾಸವಿಲ್ಲದ್ದರಿಂದ ಕೆಮ್ಮಿದ.

ಹೆಂಡತಿ ಬಂದು ನೋಡಿದಳು. ಅವನು ಎಲ್ಲವನ್ನೂ ಹೇಳಿ, ದ್ವಾರಪಾಲಕನನ್ನೂ ತೋರಿಸಿದ. ಅವಳು ಬಗ್ಗಿ ಆ ಮೀಸೆಯವನನ್ನು ನೋಡಿದಳು.

"ಬಾಗಿಲು ತೆಗೀತಾನೆ, ನಗ್ತಾನೆ, ನಂಬಲ್ಲ" ಎಂದಳು. "ನನಗೆ ಇವನನ್ನ ಎಲ್ಲೋ ನೋಡಿದ ಹಾಗಿದೆ ರೀ."

ಭಾನುವಾರ ತಂಗಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕತ್ತಿನಲ್ಲಿ ಅವಳ ಕನ್ನಡಕ ದಾರದಲ್ಲಿ ತೂಗುತ್ತಿತ್ತು, ಬೆರಳ ತುದಿಗಳಲ್ಲಿ ಲೆನ್ಸ್ ಅರೆದ ಬಿಳಿ ಪುಡಿ. ಕುರ್ಚಿಯ ತುದಿಯಲ್ಲಿ ಕುಳಿತಳು, ಚೀಲವನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಕಾಫಿ ಬೇಡ, ಕಾರಣ ಕೇಳೋಕೆ ಬಂದಿದ್ದೀನಿ ಎಂದಳು ತಂಗಿ. ಅವನು ಪೀಠಿಕೆಯಿಲ್ಲದೆ ಶುರು ಮಾಡಿದ. ಆಟ, ಜ್ವರ, ಗಂಟೆ, ಬೀಗದ ಕೈಯನ್ನು ಯಾಕೆ ಕೊಡಲಿಲ್ಲ, ಮಗಳನ್ನು ಯಾಕೆ ಬಿಡಲಿಲ್ಲ, ಒಂದನ್ನೂ ಬಚ್ಚಿಡಲಿಲ್ಲ. ಕಪ್ಪು ಪುಟದವರೆಗೂ ಹೇಳಿ ನಿಲ್ಲಿಸಿದ.

ತಂಗಿ ನಗಲೂ ಇಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಕತ್ತಿನ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸತೊಡಗಿದಳು. ನಾನು ಏನೇನೋ ಅಂದುಕೊಂಡಿದ್ದೆ ಎಂದಳು. ಅಪ್ಪನ ಕೊನೆಗಾಲದಲ್ಲಿ ನಾನು ಏನೋ ತಪ್ಪು ಮಾಡಿರಬೇಕು, ಇಲ್ಲವೇ ಅತ್ತಿಗೆಗೆ ಏನೋ ಅಂದಿರಬೇಕು ಎಂದು ವರ್ಷಗಟ್ಟಲೆ ಹುಡುಕಿದ್ದಳಂತೆ. ಆ ಆಟವಂತೂ ಅವನು ಹೇಳುವವರೆಗೂ ಅವಳಿಗೆ ಮರೆತೇ ಹೋಗಿತ್ತು.

ಅವನಿಗೆ ಒಂದು ಪ್ರಶ್ನೆ ಉಳಿದಿತ್ತು. ಎರಡು ದಿನದಿಂದ ಅವನನ್ನು ತಿನ್ನುತ್ತಿದ್ದದ್ದು ಅದೊಂದೇ.

"ನೀನು ಏನೂ ಮಾಡಿರ್ಲಿಲ್ಲ" ಎಂದ. "ಮತ್ತೆ ಗಂಟೆ ನಾಲಗೆ ಕಿತ್ತೆ ಅಂತ ಯಾಕೆ ಒಪ್ಕೊಂಡೆ?"

"ಹನ್ನೊಂದು ದಿನ ಆಗಿತ್ತು ಅಣ್ಣಾ, ನೀನು ನನ್ನ ಜೊತೆ ಮಾತು ಬಿಟ್ಟು. ಒಪ್ಕೊಂಡ್ರೆ ಬೇರೆ ಆಟಕ್ಕಾದ್ರೂ ಸೇರಿಸ್ಕೋತೀಯ ಅಂದ್ಕೊಂಡೆ."

ಅವನ ಕಚೇರಿಯ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದ ತಪ್ಪೊಪ್ಪಿಗೆಗಳಿದ್ದವು. ಆ ಕ್ಷಣ ಅವನಿಗೆ ಅವುಗಳಲ್ಲಿ ಒಂದರ ಮೇಲೂ ನಂಬಿಕೆ ಉಳಿಯಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ತಂಗಿಯೇ ಕೈ ಅಡ್ಡ ತಂದು, ಬಿಡು, ಈ ಹುಡುಗಿ ವಿಷಯ ಹೇಳು ಎಂದಳು. ನಾಳೆಯಿಂದಲೇ ಬರುತ್ತಾಳೆ ಎಂದ ಅವನು. ಬೀಗದ ಕೈಯನ್ನೂ ಇವಳ ಕೈಯಲ್ಲೇ ನಿನಗೆ ಕಳುಹಿಸುತ್ತೇನೆ ಎಂದೇನೋ ಸೇರಿಸಿದ, ಯಾವ ಮನೆಯ ಬೀಗದ ಕೈ ಎಂದು ಅವನಿಗೇ ಸ್ಪಷ್ಟವಿರಲಿಲ್ಲ.

ತಂಗಿ ಮಗಳ ಕಡೆ ತಿರುಗಿದಳು. ಒಂಬತ್ತಕ್ಕೆ ಅಂಗಡಿ ತೆರೆಯುತ್ತೇನೆ, ಉದ್ದ ತೋಳಿನ ಅಂಗಿ ಬೇಡ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು.

"ನನ್ನ ಅಂಗಡೀಲಿ ಗಾಜು ಒಡೆಯೋದು ಇದ್ದದ್ದೇ. ಒಡೆದಾಗ ನಾನು ಒಂದೇ ಸಲ ಕೇಳ್ತೀನಿ. ನೀನು ನಾನಲ್ಲ ಅಂದ್ರೆ, ನೀನಲ್ಲ. ಅಷ್ಟೇ."

ಮಗಳು ತಲೆಯಾಡಿಸಿದಳು. ಅವಳ ಕಣ್ಣು ತುಂಬಿಕೊಂಡಿತ್ತು. ಸಂತೋಷಕ್ಕೇ ಇರಬೇಕು ಎಂದುಕೊಂಡ ಅವನು. ಅವಳು ಅತ್ತೆಯನ್ನು ಬಿಟ್ಟು ಅವನನ್ನು ನೋಡಿದಳು.

"ಅಪ್ಪಾ, ನಾನೂ ಒಂದ್ಸಲ ಒಪ್ಕೊಂಡಿದ್ದೀನಿ" ಎಂದಳು. "ಮಾಡದೇ ಇರೋದನ್ನ."

ಅವನ ತಲೆಯಲ್ಲಿ ಪಟ್ಟಿ ತಾನಾಗಿಯೇ ಬಿಚ್ಚಿಕೊಂಡಿತು. ಒಡೆದ ಕೈಗಡಿಯಾರ, ಕಾಣೆಯಾದ ಕತ್ತರಿ, ಕಿಟಕಿಯ ಗಾಜು, ಹರಿದ ನಿಘಂಟು. ಒಂದೊಂದಕ್ಕೂ ಅವಳನ್ನು ಎದುರಿಗೆ ಕೂರಿಸಿಕೊಂಡು ಸುಮ್ಮನೆ ನೋಡುತ್ತಾ ಕುಳಿತಿದ್ದ. ಒಂದೊಂದಕ್ಕೂ ಅವಳು ಅಳುತ್ತಾ ಹೌದು ಎಂದಿದ್ದಳು. ಯಾವುದು ಎಂದು ಕೇಳಿದ.

"ಬೇಡ ಅಪ್ಪಾ. ಹೇಳಿದ್ರೆ, ಹಾಗಾದ್ರೆ ಯಾರು ಮಾಡಿದ್ದು ಅಂತ ಹುಡುಕ್ತೀಯ."

ಛೇ, ಇಲ್ಲ ಎನ್ನಲು ಹೊರಟ. ಆದರೆ ಅವನ ಕಣ್ಣು ಆಗಲೇ ಹೆಂಡತಿಯ ಕಡೆ ತಿರುಗಿತ್ತು.